ಬೀಗದ ಪಟ್ಟಿ ಸೇರಿದ ಊಟ

ತಕ್ಕಡಿಯಮ್ಮ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಅದು ಅವಳ ಸ್ವಭಾವವೂ ಹೌದು, ಅನ್ನ ಕೊಟ್ಟ ವಿದ್ಯೆಯೂ ಹೌದು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಇನ್ಸ್‌ಪೆಕ್ಟರಾಗಿದ್ದವಳು. ತಟ್ಟೆಯ ಅಡಿಗೆ ಅಂಟಿಸಿದ ಅಯಸ್ಕಾಂತ, ಬುಡ ಕೊರೆದು ಮೇಣ ತುಂಬಿದ ತೂಕದ ಬಟ್ಟು, ಎಣ್ಣೆ ಅಳೆಯುವ ಡಬ್ಬಿಯ ಒಳಕ್ಕೆ ಉಬ್ಬಿದ ತಳ, ಇವನ್ನೆಲ್ಲ ಬೆರಳಿನಿಂದ ಮುಟ್ಟಿಯೇ ಹೇಳಿಬಿಡುತ್ತಿದ್ದಳು. ಅವಳು ಬೀದಿಯ ಈ ತುದಿಗೆ ಕಾಲಿಟ್ಟರೆ ಆ ತುದಿಯ ಅಂಗಡಿಯವನಿಗೆ ಕೆಮ್ಮು ಬರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಕೆಮ್ಮು ಕೇಳಿಸಿದ ಅಂಗಡಿಗೇ ಅವಳು ಮೊದಲು ನುಗ್ಗುತ್ತಿದ್ದಳು. ಮದುವೆಯಾಗಲಿಲ್ಲ. ಬಂದ ಎರಡು ಸಂಬಂಧಗಳನ್ನೂ ತೂಗಿ ನೋಡಿ, ಎರಡೂ ಕಡಿಮೆ ಬಿದ್ದವು ಎಂದು ಬಿಟ್ಟಳು. ತನ್ನವರು ಅಂತ ಇದ್ದದ್ದು ಒಬ್ಬಳೇ ತಂಗಿ.

ಆ ತಂಗಿಯೂ ನಾಲ್ಕು ವರ್ಷದ ಹಿಂದೆ ಮಾತು ಬಿಟ್ಟಿದ್ದಳು. ತಂಗಿಗೆ ಐವತ್ತು ತುಂಬಿದ ದಿನ ಅವಳ ಗಂಡ ನೆಂಟರೆಲ್ಲರ ಮುಂದೆ ಕೊರಳಿಗೆ ಚಿನ್ನದ ಸರ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ತಕ್ಕಡಿಯಮ್ಮ ಸರವನ್ನು ಬಿಚ್ಚಿಸಿಕೊಂಡು, ಅಂಗೈಯಲ್ಲಿಟ್ಟು ಎರಡು ಸಲ ಕುಲುಕಿ, ಇದು ತಾಮ್ರ, ಮೇಲೆ ಚಿನ್ನದ ನೀರು ಅಷ್ಟೆ ಅಂದಳು. ಹೇಳಿದ್ದು ನಿಜವೇ, ಮಾರನೇ ದಿನ ಅಕ್ಕಸಾಲಿಯೂ ಅದನ್ನೇ ಹೇಳಿದ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ತಂಗಿ ಒದೆಯಲಿಲ್ಲ, ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ ಅಂದಳು. ತಕ್ಕಡಿಯಮ್ಮ ಹತ್ತಲಿಲ್ಲ. ಒಂದು ದಿನವೂ ಮರೆಯಲಿಲ್ಲ.

ಪಿಂಚಣಿ ಹಿಡಿದು ಮನೆಯಲ್ಲಿ ಕೂತವಳನ್ನು ಮತ್ತೆ ಕೆಲಸಕ್ಕೆ ಎಳೆದವನು ಒಬ್ಬ ಹೆಡ್ಜ್ ಫಂಡಿನ ಯಜಮಾನ. ತಕ್ಕಡಿ ತಯಾರಿಸುವ ಕಂಪನಿಯೊಂದರ ಷೇರು ಕೊಳ್ಳುವ ಮೊದಲು, ಆ ತಕ್ಕಡಿ ಎಂಥದು ಎಂದು ಕೇಳಲು ಅವಳ ಮನೆ ಹುಡುಕಿಕೊಂಡು ಬಂದಿದ್ದ. ಅವಳು ಒಳಗೆ ಬಿಡಲಿಲ್ಲ. ಗುರುತಿನ ಚೀಟಿ ಇಸಕೊಂಡು, ಚೀಟಿಯಲ್ಲಿದ್ದ ನಂಬರನ್ನು ಬಿಟ್ಟು ತಾನೇ ಹುಡುಕಿದ ಬೇರೆ ನಂಬರಿಗೆ ಫೋನ್ ಮಾಡಿ ವಿಚಾರಿಸಿದಳು. ಅಷ್ಟು ಹೊತ್ತೂ ಅವನು ಮೆಟ್ಟಿಲ ಮೇಲೆ ನಿಂತಿದ್ದ, ನಲವತ್ತು ನಿಮಿಷ. ಕೊನೆಗೆ ಆ ಕಂಪನಿಯ ಷೇರು ಕೊಳ್ಳಲಿಲ್ಲ, ಇವಳನ್ನು ಕೆಲಸಕ್ಕೆ ತೆಗೆದುಕೊಂಡ.

ಹೆಡ್ಜ್ ಫಂಡ್ ಅಂದರೇನು ಎಂದು ನೆರೆಯವರು ಕೇಳಿದರೆ, ದುಡ್ಡಿದ್ದವರ ದುಡ್ಡನ್ನು ಒಟ್ಟು ಮಾಡಿ ಬೆಳೆಸಿಕೊಡುವ ಅಂಗಡಿ ಎನ್ನುತ್ತಿದ್ದಳು. ಬೆಲೆ ಏರುತ್ತದೆ ಎಂದು ಹಣ ಹೂಡುವವರು ಬೀದಿಗೆ ಹತ್ತು ಜನ ಇದ್ದಾರೆ, ಇವರು ಬೀಳುತ್ತದೆ ಎಂದೂ ಹೂಡುತ್ತಾರೆ. ಪಕ್ಕದ ಮನೆಯ ಸೈಕಲ್ ಎರವಲು ತಂದು ಇವತ್ತಿನ ಬೆಲೆಗೆ ಮಾರು, ಬೆಲೆ ಬಿದ್ದ ಮೇಲೆ ಅಂಥದೇ ಸೈಕಲ್ ಕೊಂಡು ವಾಪಸ್ ಕೊಡು, ನಡುವೆ ಉಳಿದದ್ದು ನಿನ್ನದು. ಬೀಳುವ ಬದಲು ಏರಿದರೆ? ಏರಿದರೆ ಮನೆ ಮಾರಿ ಸೈಕಲ್ ಕೊಳ್ಳಬೇಕು ಎನ್ನುತ್ತಿದ್ದಳು. ನೆರೆಯವರು ಅಲ್ಲಿಂದ ಮುಂದೆ ಕೇಳುತ್ತಿರಲಿಲ್ಲ.

ಯಜಮಾನನಿಗೆ ಕಚೇರಿಯವರು ಇಟ್ಟ ಅಡ್ಡಹೆಸರು ಇಲ್ಲಪ್ಪ. ನೂರು ಕಂಪನಿ ತಂದು ಮುಂದಿಟ್ಟರೆ ತೊಂಬತ್ತೊಂಬತ್ತಕ್ಕೆ "ಇಲ್ಲಪ್ಪ" ಅನ್ನುತ್ತಿದ್ದ. ಇಂಥವರೆಲ್ಲ ಎದೆಗಾರಿಕೆಯ ಜೂಜುಕೋರರು ಎಂದು ಅವಳು ಎಣಿಸಿದ್ದಳು. ನೋಡಿದರೆ ಇವನು ತನ್ನನ್ನೇ ನಂಬದ ಸಣಕಲು ಮನುಷ್ಯ. ಏನನ್ನೇ ಕೊಳ್ಳುವ ಮೊದಲು ಒಂದು ಹಾಳೆ ಬರೆಯಲೇಬೇಕು: ನನ್ನ ಲೆಕ್ಕ ತಪ್ಪಾಗಿದ್ದರೆ ಅದು ಮೊದಲು ಎಲ್ಲಿ ಕಾಣಿಸಿಕೊಳ್ಳುತ್ತದೆ? ಹತ್ತರಲ್ಲಿ ಆರು ಸಲ ಸರಿಯಾದರೆ ಸಾಕು, ಆದರೆ ಉಳಿದ ನಾಲ್ಕರಲ್ಲಿ ಸಾಯಬಾರದು ಎನ್ನುತ್ತಿದ್ದ. ಅದಕ್ಕೇ ಯಾವುದರ ಮೇಲೂ ಮೊದಲಿಗೆ ಫಂಡಿನ ದುಡ್ಡಿನಲ್ಲಿ ನೂರಕ್ಕೆ ಎರಡಕ್ಕಿಂತ ಹೆಚ್ಚು ಇಡುತ್ತಿರಲಿಲ್ಲ. ತಿಂಗಳಿಗೊಮ್ಮೆ ಕೈಯಲ್ಲಿರುವ ಪ್ರತಿಯೊಂದನ್ನೂ ಹೊಸದಾಗಿ ಕಂಡವನಂತೆ ನೋಡಿ, ಇದು ಇವತ್ತು ನನ್ನ ಹತ್ತಿರ ಇಲ್ಲದಿದ್ದರೆ ಕೊಳ್ಳುತ್ತಿದ್ದೆನಾ ಎಂದು ಕೇಳಿಕೊಳ್ಳುತ್ತಿದ್ದ. ತಕ್ಕಡಿಯಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅವನ ಇನ್ನೊಂದು ಪ್ರಶ್ನೆ. ಒಳ್ಳೆಯ ಮಾಲು ಅಗ್ಗಕ್ಕೆ ಸಿಗುತ್ತಿದೆ ಎಂದು ಯಾರಾದರೂ ಕುಣಿದುಕೊಂಡು ಬಂದರೆ ಮೆತ್ತಗೆ ಕೇಳುತ್ತಿದ್ದ: "ಇದನ್ನ ನಮಗೆ ಮಾರ್ತಿರೋನು ಯಾರು? ಅವನಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ್ದು ಏನು?" ಅನುಮಾನಕ್ಕೆ ಸಂಬಳ ಕೊಡುವ ಜಾಗವೂ ಇದೆಯಲ್ಲ ಎಂದು ಅವಳಿಗೆ ಮನಸಾರೆ ಸಂತೋಷವಾಯಿತು.

ಅವಳ ಕೆಲಸ ಸರಳ. ಕಂಪನಿಗಳು ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿದ್ದನ್ನು ಬೀದಿಗೆ ಹೋಗಿ ಕಣ್ಣಾರೆ ನೋಡಿ ಬರುವುದು. ಕಚೇರಿಯ ಮೂಲೆಯ ಗಾಜಿನ ಕೋಣೆಯಲ್ಲಿ ಒಬ್ಬ ವಕೀಲೆ ಇದ್ದಳು, ನಿಯಮ ಕಾಯುವವಳು. ದಾರಿಹೋಕರಿಗೂ ಕಾಣುವುದನ್ನು ನೋಡಿ ಹಣ ಹೂಡಬಹುದು. ಕಂಪನಿಯ ಒಳಗಿನವರು ಗುಟ್ಟಾಗಿ ಹೇಳಿದ್ದನ್ನು ಕೇಳಿ ಹೂಡುವ ಹಾಗಿಲ್ಲ, ಅದು ಜೈಲಿನ ದಾರಿ. ಅಂಥ ಮಾತು ಯಾರ ಕಿವಿಗಾದರೂ ಬಿದ್ದರೆ ಕೂಡಲೇ ವಕೀಲೆಗೆ ಹೇಳಬೇಕು. ಅವಳು ಆ ಕಂಪನಿಯ ಹೆಸರನ್ನು ಬೀಗದ ಪಟ್ಟಿಗೆ ಸೇರಿಸುತ್ತಾಳೆ. ಆಮೇಲೆ ಕಚೇರಿಯಲ್ಲಿ ಯಾರೂ ಅದನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಅದರ ಬಗ್ಗೆ ಹೊರಗೆ ತುಟಿ ಬಿಚ್ಚುವಂತಿಲ್ಲ. ವರ್ಷಕ್ಕೊಮ್ಮೆ ನೆಂಟರ ಉದ್ಯೋಗವನ್ನೂ ಒಂದು ಫಾರಂನಲ್ಲಿ ಬರೆದುಕೊಡಬೇಕಿತ್ತು. ತಂಗಿಯ ಗಂಡ ಟೈರ್ ಕಂಪನಿಯಲ್ಲಿ ಲೆಕ್ಕ ಬರೆಯುತ್ತಾನೆ ಎಂದು ತಕ್ಕಡಿಯಮ್ಮ ಪ್ರತಿ ವರ್ಷ ಬರೆಯುತ್ತಿದ್ದಳು. ಊರಿನ ಲೆಕ್ಕವನ್ನೆಲ್ಲ ಪರೀಕ್ಷೆ ಮಾಡುವವಳು ಇದೊಂದನ್ನು ಮಾತ್ರ ಪರೀಕ್ಷಿಸಿರಲಿಲ್ಲ. ಮಾಡಲು ತಂಗಿಗೆ ಫೋನ್ ಮಾಡಬೇಕಾಗುತ್ತಿತ್ತು.

ಆ ವರ್ಷ ಎಲ್ಲರ ಬಾಯಲ್ಲೂ ಒಂದು ಶೀತಲ ಗೋದಾಮಿನ ಕಂಪನಿಯ ಹೆಸರು. ನಲವತ್ತೊಂದು ಗೋದಾಮು, ಎಲ್ಲವೂ ಭರ್ತಿ, ಕಾಯುವವರ ಸಾಲು ಬೇರೆ ಎಂದು ಕಂಪನಿ ಹೇಳಿಕೊಂಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಷೇರಿನ ಬೆಲೆ ಮೂರು ಪಟ್ಟಾಯಿತು. ತಕ್ಕಡಿಯಮ್ಮ ದೊಡ್ಡ ಗೋದಾಮಿನ ಗೇಟಿನ ಎದುರಿಗಿದ್ದ ಬಸ್ ತಂಗುದಾಣದಲ್ಲಿ ಹತ್ತೊಂಬತ್ತು ದಿನ ಕೂತಳು. ಲಾರಿಗಳೇನೋ ಸಾಲಾಗಿ ಬರುತ್ತಿದ್ದವು, ಹೋಗುತ್ತಿದ್ದವು. ಆದರೆ ಗೇಟಿನ ಮುಂದೆ ರಸ್ತೆಗೆ ಒಂದು ಉಬ್ಬು ಹಾಕಿದ್ದರು. ತುಂಬಿದ ಲಾರಿ ಉಬ್ಬಿನ ಮೇಲೆ ನರಳುತ್ತದೆ, ಅದರ ಹಿಂದಿನ ಟೈರಿನ ಹೊಟ್ಟೆ ನೆಲಕ್ಕೆ ಹರಡುತ್ತದೆ. ಖಾಲಿ ಲಾರಿ ಕುಪ್ಪಳಿಸುತ್ತದೆ. ಇನ್ನೂರ ಹನ್ನೆರಡು ಲಾರಿಗಳಲ್ಲಿ ನೂರ ಎಪ್ಪತ್ತಾರು ಕುಪ್ಪಳಿಸಿಕೊಂಡು ಒಳಗೆ ಹೋಗಿ, ಕುಪ್ಪಳಿಸಿಕೊಂಡೇ ಹೊರಗೆ ಬಂದವು. ನೋಡುವವರ ಕಣ್ಣಿಗೆ ಮಣ್ಣೆರಚಲು ಡೀಸೆಲ್ ಸುಡುತ್ತಿದ್ದರು.

ಇಲ್ಲಪ್ಪ ಆ ಲೆಕ್ಕವನ್ನು ಮೂರು ಸಲ ಓದಿ, ಅವಳಿಗೆ ಮೊದಲ ಬಾರಿಗೆ "ಹೂಂ" ಅಂದ. ಬೆಲೆ ಬೀಳುತ್ತದೆ ಎಂದು ನೂರಕ್ಕೆ ಎರಡು ಇಟ್ಟ. ಬೆಲೆ ಬೀಳಲಿಲ್ಲ, ಇನ್ನೂ ಏರಿತು. ಅವನು ಕದಲಲಿಲ್ಲ. ಬರುವ ಗುರುವಾರ ತಕ್ಕಡಿಯಮ್ಮನ ವರದಿಯನ್ನು ಪತ್ರಿಕೆಗಳಿಗೆ ಕೊಟ್ಟು, ಎರಡನ್ನು ಹತ್ತು ಮಾಡುವುದೆಂದು ತೀರ್ಮಾನವಾಯಿತು.

ಹಿಂದಿನ ವಾರವೇ ತಂಗಿಯ ಫೋನ್ ಬಂದಿತ್ತು. ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ ಅಕ್ಕ ಅಂದಳು, ನಿನ್ನೆ ಮೊನ್ನೆಯಷ್ಟೇ ಮಾತಾಡಿದವಳ ಹಾಗೆ. ತಕ್ಕಡಿಯಮ್ಮ ಬರ್ತೀನಿ ಅಂದು ಫೋನಿಟ್ಟಳು. ಮರುಗಳಿಗೆಯೇ ಒಳಗಿನ ಇನ್ಸ್‌ಪೆಕ್ಟರ್ ಎದ್ದು ಕೂತಳು. ನಾಲ್ಕು ವರ್ಷ ಇಲ್ಲದ ಅಕ್ಕ ಈಗ ಯಾಕೆ ನೆನಪಾದಳು? ಇದನ್ನ ನಮಗೆ ಮಾರ್ತಿರೋನು ಯಾರು? ಸಾಲ ಬೇಕಿರಬಹುದು, ಇಲ್ಲ ಯಾವುದಕ್ಕೋ ಜಾಮೀನು ಸಹಿ ಬೇಕಿರಬಹುದು. ಕೇಳಿದರೆ ಕೊಟ್ಟುಬಿಡುವುದು ಎಂದು ತೀರ್ಮಾನಿಸಿ, ಚೆಕ್ ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡು ಹೋದಳು.

ಮೆಟ್ಟಿಲಿನ ಹತ್ತಿರ ತಂಗಿ ಕಾದು ನಿಂತಿದ್ದಳು. ಕೂದಲು ಪೂರ್ತಿ ನರೆತಿತ್ತು. ಅಕ್ಕನಿಗೆ ಸೊಂಟನೋವು ಎಂದು ಕುರ್ಚಿಗೆ ದಿಂಬು ಇಟ್ಟಿದ್ದಳು, ಪಲ್ಯಕ್ಕೆ ಉಪ್ಪು ಕಡಿಮೆ ಹಾಕಿದ್ದಳು. ಸರದ ಮಾತು ಬರಲಿಲ್ಲ. ಅಕ್ಕ ತಂಗಿ ಇಬ್ಬರೂ ಅಮ್ಮನ ಗೊರಕೆಯನ್ನು ನೆನೆದು ನಕ್ಕರು. ಸಾಲ ಯಾರೂ ಕೇಳಲಿಲ್ಲ. ತಕ್ಕಡಿಯಮ್ಮನ ಎದೆಯ ಮೇಲಿನ ಕಲ್ಲು ಇಳಿಯುತ್ತಾ ಬಂತು. ಆಗ ತಂಗಿ, ನೀರು ತರ್ತೀನಿ ಎಂದು ಎದ್ದು ಒಳಗೆ ಹೋದಳು. ಮೇಜಿನ ಮೇಲಿನ ಜಗ್ಗಿನಲ್ಲಿ ನೀರು ತುಂಬಿ ತುಳುಕುತ್ತಿತ್ತು.

ತಂಗಿಯ ಗಂಡ ಕುರ್ಚಿ ಮುಂದಕ್ಕೆಳೆದ. ತಾನು ಎರಡು ವರ್ಷದಿಂದ ಟೈರಿನವರನ್ನು ಬಿಟ್ಟು ಶೀತಲ ಗೋದಾಮಿನ ಕಂಪನಿಯಲ್ಲಿ ಇದ್ದೇನೆ ಅಂದ. ತಕ್ಕಡಿಯಮ್ಮನ ಕೈಯ ತುತ್ತು ತಟ್ಟೆಗೆ ಜಾರಿತು. ಸುಮ್ಮನಿರಿ ಅನ್ನುವಷ್ಟರಲ್ಲಿ ಅವನು ಬಾಯಿಪಾಠ ಒಪ್ಪಿಸುವವನ ಹಾಗೆ ಹೇಳಿ ಮುಗಿಸಿದ: "ಮನೆಯವರು ಅಂತ ಹೇಳ್ತಿದೀನಿ ಅತ್ತಿಗೆ. ಇಪ್ಪತ್ತೆಂಟನೇ ತಾರೀಕು ನಮ್ಮ ಕಂಪನೀನ ಹೊರಗಿನ ದೊಡ್ಡವರು ಕೊಂಡ್ಕೋತಾರೆ. ಇವತ್ತಿನ ಬೆಲೆಗೆ ಒಂದೂವರೆ ಪಟ್ಟು. ಡೈರೆಕ್ಟರುಗಳನ್ನ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ."

ಕಣ್ಣಿಗಾದರೆ ರೆಪ್ಪೆ ಇದೆ, ಕಿವಿಗೆ ಬಾಗಿಲಿಲ್ಲ. ತಂಗಿ ಇನ್ನೊಂದು ಜಗ್ ನೀರು ತಂದಿಟ್ಟು, ಅಕ್ಕ ಯಾಕೆ ಏನೂ ತಿನ್ನುತ್ತಿಲ್ಲ ಅಂದಳು. ತಕ್ಕಡಿಯಮ್ಮ ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದು, ಕೈ ತೊಳೆದು, ಬಸ್ ಹಿಡಿದು ಮನೆಗೆ ಬಂದಳು.

ಸೋಮವಾರ, ಮಂಗಳವಾರ ಯಾರಿಗೂ ಹೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಕಣ್ಣೀರು ಹಾಕಿದ ಅಂಗಡಿಯವನನ್ನೂ ಬಿಡದವಳು ಈ ಎರಡು ದಿನ ತನ್ನ ಬಾಯಿಗೆ ತಾನೇ ಮೊಹರು ಹಾಕಿಕೊಂಡಳು. ಸುದ್ದಿ ನಿಜವೋ ಸುಳ್ಳೋ ಎಂದು ಮೊದಲು ತಲೆ ಕೆಡಿಸಿಕೊಂಡಳು. ಆಮೇಲೆ ಹೊಳೆಯಿತು, ಅದು ನಿಜವಾದರೂ ಒಂದೇ, ಸುಳ್ಳಾದರೂ ಒಂದೇ. ಇವಳು ವಕೀಲೆಗೆ ಹೇಳಿದರೆ ಕಂಪನಿಯ ಹೆಸರು ಬೀಗದ ಪಟ್ಟಿಗೆ ಹೋಗುತ್ತದೆ, ಗುರುವಾರದ ವರದಿ ಸತ್ತಿತು. ಹೇಳದೆ ವರದಿ ಹೊರಬಂದರೆ, ನಿಮ್ಮ ಹೆಂಗಸು ನಮ್ಮ ನೌಕರನ ಮನೆಯಲ್ಲಿ ಉಂಡು ಗುಟ್ಟು ಕದ್ದಳು ಎಂದು ಆ ಕಂಪನಿಯವರು ಕೋರ್ಟಿಗೆ ಹೋಗುತ್ತಾರೆ. ಅತ್ತ ದರಿ, ಇತ್ತ ಪುಲಿ. ಗೋದಾಮು ತೆರೆದು ತೋರಿಸಲಾಗದವರು ಎದುರಾಳಿಯ ಬಾಯಿ ಮುಚ್ಚಲು ಒಂದು ಊಟ ಹಾಕಿಸಿದ್ದರು.

ಅವಳನ್ನು ಸುಟ್ಟದ್ದು ಅದಲ್ಲ. ಸುಟ್ಟದ್ದು ಆ ತುಂಬಿದ ಜಗ್ಗು. ಇಲ್ಲಪ್ಪನ ಪದ್ಧತಿಯಂತೆ ಒಂದು ಹಾಳೆ ತೆಗೆದು, ತಂಗಿ ಪ್ರೀತಿಯಿಂದಲೇ ಕರೆದಳು ಎಂದು ಮೇಲೆ ಬರೆದಳು. ಕೆಳಗೆ, ಇದು ತಪ್ಪಾಗಿದ್ದರೆ ಎಲ್ಲಿ ಕಾಣಿಸುತ್ತದೆ ಎಂದು ಬರೆದಳು. ಉತ್ತರ ಬರೆಯಲು ಎರಡು ಪದ ಸಾಕಿತ್ತು, ಬರೆಯಲಾಗಲಿಲ್ಲ. ದಿಂಬು ಇಟ್ಟವಳೂ ಅವಳೇ, ಎದ್ದು ಹೋದವಳೂ ಅವಳೇ. ವಕೀಲೆಗೆ ಹೇಳಿದರೆ, ಹೇಳಿದವರು ಯಾರು ಎಂಬ ಕಾಲಂ ತುಂಬಬೇಕು. ಅಲ್ಲಿ ತಂಗಿಯ ಗಂಡನ ಹೆಸರು ಬರೆದ ದಿನ ತಂಗಿ ಎರಡನೇ ಸಲ ಹೋಗುತ್ತಾಳೆ, ಈ ಸಲ ವಾಪಸ್ ಬರುವುದಿಲ್ಲ. ಸುಮ್ಮನಿದ್ದುಬಿಟ್ಟರೆ ಮುಂದಿನ ಭಾನುವಾರವೂ ಊಟಕ್ಕೆ ಕರೆದಾಳು. ಈ ಆಸೆ ತನಗೆ ಇದೆ ಎಂದು ಕಂಡು ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

ಬುಧವಾರ ಮಧ್ಯಾಹ್ನ ಗಾಜಿನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಸುಳ್ಳು ಬಟ್ಟು ಇಟ್ಟುಕೊಂಡ ಎಷ್ಟೋ ಜನ ಅವಳ ಮುಂದೆ ಮಕ್ಕಳನ್ನು ತೋರಿಸಿ ಅತ್ತಿದ್ದರು, ಅವರಿಗೆ ಕೊಡದ ರಿಯಾಯಿತಿಯನ್ನು ತನಗೆ ಕೊಟ್ಟುಕೊಳ್ಳುವುದು ಹೇಗೆ? ಹೆಸರು ಬಿಟ್ಟು ಬರೆಯಬಹುದಾ ಎಂದು ಮಾತ್ರ ಒಂದು ಸಲ ಕೇಳಿದಳು. ವಕೀಲೆ ಆಗದು ಎಂದು ತಲೆ ಅಲ್ಲಾಡಿಸಿದಳು. ತಕ್ಕಡಿಯಮ್ಮ ಹೆಸರು ಬರೆದು, ಟೈರ್ ಕಂಪನಿ ಎಂದು ತಪ್ಪಾಗಿ ಬರೆದಿದ್ದ ಫಾರಂಗಳಿಗೂ ತಪ್ಪೊಪ್ಪಿಗೆ ಬರೆದು ಸಹಿ ಹಾಕಿದಳು.

ಅರ್ಧ ಗಂಟೆಯಲ್ಲಿ ಎಲ್ಲರ ಪರದೆಯ ಮೇಲೆ ಶೀತಲ ಗೋದಾಮಿನ ಹೆಸರಿನ ಮುಂದೆ ಕೆಂಪು ಬೀಗ ಬಂತು. ಕಾರಣವನ್ನು ಇಲ್ಲಪ್ಪನಿಗೂ ಹೇಳುವಂತಿರಲಿಲ್ಲ. ಆದರೆ ಆ ಕಂಪನಿಯ ಬಾಗಿಲಲ್ಲಿ ಕೂತವಳು ಇವಳೊಬ್ಬಳೇ ತಾನೇ, ಕಚೇರಿಗೆ ಕಚೇರಿಯೇ ಇವಳನ್ನು ಓರೆಗಣ್ಣಿನಿಂದ ನೋಡತೊಡಗಿತು. ಎಷ್ಟಕ್ಕೆ ಮಾರಿಕೊಂಡಳೋ ಎಂದು ಒಬ್ಬ ಹಿಂದಿನಿಂದ ಅಂದದ್ದು ಅವಳಿಗೆ ಕೇಳಿಸಿತು. ಜಗತ್ತನ್ನೆಲ್ಲ ಅನುಮಾನಿಸಿದವಳಿಗೆ ತನ್ನನ್ನು ಅನುಮಾನಿಸಿದರೆ ಹೇಗಿರುತ್ತದೆ ಎಂದು ಅರವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು. ಬೆಲೆ ದಿನಾ ಏರುತ್ತಿತ್ತು, ಇಲ್ಲಪ್ಪ ಕೈ ಕಟ್ಟಿಕೊಂಡು ನೋಡುತ್ತಿದ್ದ.

ಇಪ್ಪತ್ತೆಂಟು ಬಂತು, ಹೋಯಿತು. ಯಾವ ದೊಡ್ಡವರೂ ಬರಲಿಲ್ಲ. ವಕೀಲೆ ಕಳಿಸಿದ ಪತ್ರದ ಮೇಲೆ ಸರ್ಕಾರದವರು ತಂಗಿಯ ಗಂಡನನ್ನು ವಿಚಾರಣೆಗೆ ಕರೆದರು, ಅವನು ಯಾರೋ ನಮಗೆ ಗೊತ್ತೇ ಇಲ್ಲ ಎಂಬಂತೆ ಕಂಪನಿ ಅದೇ ಸಂಜೆ ಕೆಲಸದಿಂದ ತೆಗೆಯಿತು. ಆರು ವಾರದ ನಂತರ ಸಾಲ ಕೊಟ್ಟ ಬ್ಯಾಂಕಿನವರು ಬೀಗ ಒಡೆಸಿ ನೋಡಿದರೆ, ನಲವತ್ತೊಂದರಲ್ಲಿ ಮೂವತ್ತು ಗೋದಾಮುಗಳಲ್ಲಿ ಗಾಳಿ ಬಿಟ್ಟರೆ ಬೇರೇನೂ ತಣ್ಣಗಾಗುತ್ತಿರಲಿಲ್ಲ. ಬೆಲೆ ಪಾತಾಳಕ್ಕೆ ಬಿತ್ತು, ಆಮೇಲೆಯೇ ವಕೀಲೆ ಬೀಗದ ಪಟ್ಟಿಯಿಂದ ಆ ಹೆಸರನ್ನು ತೆಗೆದುಹಾಕಿದಳು. ಹತ್ತು ಇಟ್ಟಿದ್ದರೆ ಇಲ್ಲಪ್ಪನ ಗಳಿಕೆ ಐದು ಪಟ್ಟಾಗುತ್ತಿತ್ತು, ಎರಡೇ ಇದ್ದದ್ದರಿಂದ ಸಣ್ಣದೊಂದು ಲಾಭಕ್ಕೆ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕಚೇರಿಯವರು ಹಲುಬಿದರು. ತಕ್ಕಡಿಯಮ್ಮ ನಡೆದದ್ದನ್ನೆಲ್ಲ ಸೇರಿಸಿ ರಾಜೀನಾಮೆ ಬರೆದುಕೊಂಡು ಹೋದಳು. ಇಲ್ಲಪ್ಪ ಓದಿ, ಮಡಚಿ, ವಾಪಸ್ ಕೊಟ್ಟ. "ಗೆಲ್ಲೋದು ಆಮೇಲೆ. ನಾಳೆ ಬೆಳಿಗ್ಗೆ ಈ ಬಾಗಿಲು ತೆಗೆಯೋ ಹಾಗಿರಬೇಕು, ಅದು ಮೊದಲು. ನೀವು ಬಾಯಿ ಮುಚ್ಚಿಕೊಂಡಿದ್ರೆ ನಾಳೆ ಅನ್ನೋದೇ ಇರ್ತಿರಲಿಲ್ಲ" ಅಂದ. ಅವನ ಬಾಯಿಂದ ಅಷ್ಟು ದೊಡ್ಡ ಮಾತು ಯಾರೂ ಕೇಳಿರಲಿಲ್ಲ. ತಕ್ಕಡಿಯಮ್ಮನಿಗೆ ಮಾತ್ರ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಕಿಂಡಿಯಲ್ಲಿ ನೋಡಿದರೆ ತಂಗಿ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದಳು. ಯಾರು ಕಳಿಸಿದರು, ಇನ್ನೇನು ಹೇಳಿಸಿ ಕಳಿಸಿದರು ಎಂದು ತಕ್ಕಡಿಯಮ್ಮನ ತಲೆ ತಾನಾಗಿ ಓಡಿತು. ಆದರೂ ಬಾಗಿಲು ತೆಗೆದಳು. ತಂಗಿ ಒಳಗೆ ಬರಲಿಲ್ಲ, ಹೊಸ್ತಿಲ ಆಚೆ ನಿಂತೇ ಮಾತಾಡಿದಳು. ಬೈಯಲು ಬಂದಿಲ್ಲ, ಗಂಡ ಮಾಡಿದ್ದಕ್ಕೆ ಗಂಡ ಅನುಭವಿಸುತ್ತಾನೆ ಅಂದಳು. ಗೇಟಿನ ಕ್ಯಾಮೆರಾದಲ್ಲಿ ಬಂದ ಅಕ್ಕನ ಫೋಟೋ ಹಿಡಿದು ಇದು ಯಾರು ಎಂದು ಕಂಪನಿಯವರು ಕೇಳಿದರಂತೆ, ನಮ್ಮ ಅತ್ತಿಗೆ, ಹೆಡ್ಜ್ ಫಂಡಿನಲ್ಲಿದ್ದಾರೆ ಎಂದು ಇವನು ಹಲ್ಲು ಕಿರಿದನಂತೆ. ಉಳಿದದ್ದನ್ನು ಅವರು ಕಲಿಸಿಕೊಟ್ಟರು.

"ನೀರು ತರೋಕೆ ಅಂತ ಎದ್ದು ಹೋದೆಯಲ್ಲ" ಅಂದಳು ತಕ್ಕಡಿಯಮ್ಮ. ಎರಡು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು.

"ಐದು ನಿಮಿಷ ಒಳಗಿರು ಅಂದಿದ್ರು, ಇದ್ದೆ. ಅಕ್ಕನ್ನ ಊಟಕ್ಕೆ ಕರಿ ಅಂದಿದ್ರು, ಕರೆದೆ." ತಂಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಕರಿ ಅಂತ ಯಾರಾದ್ರೂ ಒಂದು ಮಾತು ಹೇಳಲಿ ಅಂತ ನಾಲ್ಕು ವರ್ಷ ಕಾದಿದ್ದೆ ಅಕ್ಕಾ. ಹೇಳಿದಾಗ ಯಾಕೆ ಅಂತ ಕೇಳಲಿಲ್ಲ. ಕೇಳಿದ್ರೆ ಎಲ್ಲಿ ತಪ್ಪಿಹೋಗುತ್ತೋ ಅಂತ ಭಯ."

ತಕ್ಕಡಿಯಮ್ಮ ಬಾಗಿಲನ್ನು ಪೂರ್ತಿ ತೆರೆದಳು.

"ನಿಂಗೆ ಎಲ್ಲದರಲ್ಲೂ ಅನುಮಾನ. ಆವತ್ತು ಬರಲಿಲ್ವಾ?" ಅಂದಳು ತಂಗಿ.

"ಫೋನ್ ಇಟ್ಟ ಕೂಡಲೇ ಬಂತು."

"ಮತ್ತೆ ಯಾಕೆ ಬಂದೆ?"

"ನೀನು ಕರೆದೆಯಲ್ಲ" ಅಂದಳು ತಕ್ಕಡಿಯಮ್ಮ.